ಅತ್ತೆಯ ಬಿಡದಿ ಮನೆಗೆ ಮೊದಲ ನಂಬರು

ಜನ ಬಾಯಿಬಿಟ್ಟು ಕೇಳುವುದು ಒಂದು, ಅವರಿಗೆ ನಿಜವಾಗಿ ಬೇಕಾಗಿರುವುದು ಇನ್ನೊಂದು. ನಂಜನಗೂಡು ಬಸ್‌ಸ್ಟ್ಯಾಂಡಿನ ಎದುರು ಮೊದಲು ಎಸ್‌ಟಿಡಿ ಬೂತು, ಆಮೇಲೆ ಅದೇ ಜಾಗದಲ್ಲಿ ಕಂಪ್ಯೂಟರ್ ಸೆಂಟರು ಇಟ್ಟುಕೊಂಡು ಕೂತ ನನಗೆ ಇಂಥ ಪ್ರಸಂಗಗಳಿಗೆ ಯಾವತ್ತೂ ಬರ ಬಂದದ್ದಿಲ್ಲ. ಅಂಗಡಿ ಬಾಗಿಲು ತೆಗೆದರೆ ಸಾಕು, ಒಬ್ಬರಲ್ಲ ಒಬ್ಬರು ಬಂದು ತಮಗೆ ಬೇಡದ್ದನ್ನು ಕೇಳುತ್ತಿದ್ದರು.

ಅವರ ತಪ್ಪೂ ಅಲ್ಲ ಬಿಡಿ. ನಮ್ಮ ಕಡೆ ಯಾವುದನ್ನೂ ನೇರವಾಗಿ ಅನ್ನುವ ಹಾಗಿಲ್ಲ. ಹೊರಟವರನ್ನು 'ಎಲ್ಲಿಗೆ' ಅಂತ ಕೇಳಬಾರದು, 'ದೂರಾನಾ' ಅನ್ನಬೇಕು. ಡಬ್ಬದಲ್ಲಿ ಅಕ್ಕಿ ಮುಗಿದರೆ 'ಇಲ್ಲ' ಅನ್ನಬಾರದು, 'ಹೆಚ್ಚಿದೆ' ಅನ್ನಬೇಕು. ದೀಪವನ್ನು ಆರಿಸಬಾರದು, ದೊಡ್ಡದು ಮಾಡಬೇಕು. ಇಂಥ ಜನದ ಮುಂದೆ ಕಂಪ್ಯೂಟರ್ ಬಂದು ಕೂತು, ಒಂದು ಖಾಲಿ ಚೌಕ ತೋರಿಸಿ, ನಿನಗೇನು ಬೇಕೋ ಸೀದಾ ಬರಿ ಅಂದಿತು ನೋಡಿ, ಅಲ್ಲಿಂದ ಶುರುವಾಯಿತು ತಮಾಷೆ. ತಮಾಷೆ ಅಂತ ಈಗ ಅನ್ನುತ್ತೇನೆ. ಆಗ ಟಿ. ನರಸೀಪುರದಲ್ಲಿ ನಮ್ಮ ಸೋದರತ್ತೆ ಬದುಕು ಕಟ್ಟಿಕೊಂಡಿದ್ದ ಮನೆ ಗೊಬ್ಬರದ ಗೋಡೌನ್ ಆಗುವುದರಲ್ಲಿತ್ತು. ಅದನ್ನು ಉಳಿಸುವುದಕ್ಕೆ ನನ್ನ ಹತ್ತಿರ ಇದ್ದದ್ದು ಈ ಒಂದು ವಿದ್ಯೆ ಮಾತ್ರ: ಕೇಳಿದವರಿಗೆ ಬೇಕಾಗಿರುವುದೇನು ಅಂತ ಕಂಡುಹಿಡಿಯುವುದು. ಆ ವಿದ್ಯೆಯ ಮೊದಲ ಪಾಠ ಬೂತಿನಲ್ಲೇ ಆಯಿತು.

ಛತ್ರದ ಬಸ್ಸು

ತೊಂಬತ್ತರ ದಶಕದ ಮಾತು. ಬಸ್‌ಸ್ಟ್ಯಾಂಡಿನ ವಿಚಾರಣೆ ಕಿಟಕಿ ಸಾಮಾನ್ಯವಾಗಿ ಮುಚ್ಚಿರುತ್ತಿದ್ದರಿಂದ ಎಲ್ಲರೂ ನನ್ನ ಬೂತಿಗೇ ಬಂದು ಬಸ್ಸಿನ ವಿಷಯ ಕೇಳುತ್ತಿದ್ದರು. ಒಂದು ದಿನ ಹೆಮ್ಮರಗಾಲದ ಒಬ್ಬ ರೈತ, ನಲವತ್ತರ ಆಸುಪಾಸು, ಹೆಗಲ ಮೇಲೆ ಹೊಸ ಟವೆಲ್ಲು, ಬಂದು ಕೇಳಿದ.

"ಅಕ್ಕಾರೇ, ಚಿಕ್ಕಯ್ಯನಛತ್ರದ ಬಸ್ ಓಯ್ತಾ?"

"ಇನ್ನೂ ಇಲ್ಲ. ಈಗ ಬರುತ್ತೆ, ಅಲ್ಲೇ ನಿಂತ್ಕೊಳ್ಳಿ" ಅಂದೆ.

ಆತ ನಿಂತುಕೊಳ್ಳಲಿಲ್ಲ. ಬಸ್‌ಸ್ಟ್ಯಾಂಡಿನ ಕಡೆ ಬೆನ್ನು ಹಾಕಿ ಟೀ ಅಂಗಡಿಯಲ್ಲಿ ಕೂತ. ಸ್ವಲ್ಪ ಹೊತ್ತಿಗೆ ಮತ್ತೆ ಬಂದ. "ಓಯ್ತಾ?" ನನಗೆ ಪಾಪ ಅನ್ನಿಸಿತು. "ಯೋಚನೆ ಮಾಡ್ಬೇಡಿ, ಬಂದಾಗ ನಾನೇ ಕೂಗ್ತೀನಿ" ಅಂದೆ. ಆತನ ಮುಖ ಬಾಡಿತು. ಬಸ್ಸು ಬಂತು, ಕೂಗಿದೆ, ಆತ ಟೀ ಲೋಟದೊಳಗೆ ಏನೋ ಬಿದ್ದಿರುವಂತೆ ನೋಡುತ್ತ ಕೂತ. ಬಸ್ಸು ಹೋಯಿತು. ಹೋದ ಮೇಲೆ ಸರಸರ ಬಂದು ಮೂರನೇ ಸಲ ಕೇಳಿದ. "ಓಯ್ತಾ?"

"ಹೋಯ್ತು."

"ಅಂಗಂತ ನಮ್ಮನೇವ್ಳಿಗೆ ಒಂದ್ ಮಾತ್ ಯೋಳ್ಬುಡಿ ಅಕ್ಕಾರೇ. ನಾನ್ ಯೋಳುದ್ರೆ ನಂಬಕ್ಕಿಲ್ಲ" ಅಂತ ಊರಿನ ಪಕ್ಕದ ಮನೆಯ ನಂಬರು ಕೊಟ್ಟ. ವಿಷಯ ಇಷ್ಟೇ. ಛತ್ರದ ಆಚೆ ಇರುವ ತನ್ನ ತಾಯಿಯನ್ನು ಕರೆದುಕೊಂಡು ಬಾ ಅಂತ ಹೆಂಡತಿ ಕಳಿಸಿದ್ದಳು. ಅತ್ತೆ ಬಂದರೆ ಭತ್ತದ ಕೊಯ್ಲು ಮುಗಿಯುವವರೆಗೂ ಹೊರಡುವುದಿಲ್ಲ ಅನ್ನುವುದು ಆತನ ಅನುಭವ. ಬೇಕಾಗಿದ್ದದ್ದು ಬಸ್ಸಲ್ಲ, ಬಸ್ಸು ತಪ್ಪಿತು ಅನ್ನುವುದಕ್ಕೆ ಸಾಕ್ಷಿ.

ಹೆಂಡತಿ ಫೋನಿಗೆ ಬಂದಳು. ನಾನು ಗಂಭೀರವಾಗಿ ಬಸ್ಸು ಹೋಯಿತು ಅಂತ ಹೇಳಿದೆ. "ಓಯ್ತಾ? ಒಳ್ಳೇದೇ ಆಯ್ತು ಬುಡಿ" ಅಂದಳು ಆಕೆ. "ನಮ್ಮವ್ವ ಇನ್ಯಾರ್ದೋ ಗಾಡೀಲಿ ಈಗ್ಲೇ ಬಂದ್ಬುಟ್ರು. ಇವ್ರು ಸುಮ್ಕೆ ಅಲ್ಲೀಗಂಟ ಓಗ್ಬುಡ್ತರಲ್ಲ ಅಂತಿದ್ದೆ."

ಇದ್ದದ್ದನ್ನು ಇದ್ದ ಹಾಗೆ ಆತನಿಗೆ ತಿಳಿಸಿದೆ. ಆತ ಟವೆಲ್ಲು ಕೊಡವಿ, ಸ್ವಲ್ಪ ಯೋಚನೆ ಮಾಡಿ ಕೇಳಿದ.

"ಛತ್ರದ್ ಕಡೀಕೆ ಇನ್ನೊಂದ್ ಬಸ್ ಎಷ್ಟೊತ್ಗೆ?"

ಶಾಮಿಯಾನದ ಯಜಮಾನರು

ಎರಡು ಸಾವಿರದ ಇಸವಿ ದಾಟುತ್ತಿದ್ದ ಹಾಗೆ ಕೈಗೊಂದು ಮೊಬೈಲು ಬಂದು ಬೂತುಗಳೆಲ್ಲ ನೊಣ ಹೊಡೆಯತೊಡಗಿದವು. ನಾನು ಮೈಸೂರಿಗೆ ಓಡಾಡಿ ವೆಬ್‌ಸೈಟು ಮಾಡುವುದನ್ನು ಕಲಿತೆ. ಫೋನಿನ ಗಾಜಿನ ಗೂಡು ಕಿತ್ತು ಕಂಪ್ಯೂಟರುಗಳನ್ನು ಇಟ್ಟೆ. 'ಇಲ್ಲಿ ವೆಬ್‌ಸೈಟು ಮಾಡಿಕೊಡಲಾಗುವುದು' ಅಂತ ಬೋರ್ಡು ಬರೆಸಿದೆ. ವೆಬ್‌ಸೈಟು ಅಂದರೆ ಹೊಲಿಯುವುದೋ ಬೇಯಿಸುವುದೋ ಗೊತ್ತಿಲ್ಲದ ಊರಿನಲ್ಲಿ ಆ ಬೋರ್ಡು ನೋಡಿ ಧೈರ್ಯವಾಗಿ ಒಳಗೆ ಬಂದ ಮೊದಲ ಗಿರಾಕಿ, ಮದುವೆಗೆ ಶಾಮಿಯಾನ, ಕುರ್ಚಿ, ಪಾತ್ರೆ ಬಾಡಿಗೆಗೆ ಕೊಡುವ ಯಜಮಾನರು.

"ನೋಡಮ್ಮ, ನೆಟ್‌ನಲ್ಲಿ ನಾನು ಫಸ್ಟ್ ಬರ್ಬೇಕು" ಅಂದರು. ಆಗಲಿ ಅಂದೆ. ತಮ್ಮ ಫೋಟೋ ಕೊಟ್ಟರು, ತಂದೆಯ ಫೋಟೋ ಕೊಟ್ಟರು, ಯಾವುದೋ ಸಭೆಯಲ್ಲಿ ಹಾರ ಹಾಕಿಸಿಕೊಂಡ ಫೋಟೋ ಕೊಟ್ಟರು. ಶಾಮಿಯಾನದ ಫೋಟೋ ಕೇಳಿದೆ. "ಅದೇನಮ್ಮ, ಬಟ್ಟೆ. ಎಲ್ರೂ ನೋಡಿರ್ತಾರೆ" ಅಂದರು.

ಅವರು ಹೇಳಿದ ಹಾಗೆಯೇ ಮಾಡಿಕೊಟ್ಟೆ. ದಿನಾ ಸಂಜೆ ಸೆಂಟರಿಗೆ ಬಂದು, ಖಾಲಿ ಚೌಕದಲ್ಲಿ ತಮ್ಮ ಹೆಸರು, ತಂದೆಯ ಹೆಸರು, ಬೀದಿಯ ಹೆಸರು ಎಲ್ಲ ಸೇರಿಸಿ ನನ್ನ ಕೈಲಿ ಟೈಪ್ ಮಾಡಿಸುತ್ತಿದ್ದರು. ಅವರ ಮುಖವೇ ಮೊದಲು ಬರುತ್ತಿತ್ತು. ಬರದೆ ಏನು ಮಾಡೀತು, ಇಡೀ ಪ್ರಪಂಚದಲ್ಲಿ ಆ ಹೆಸರಿನವರು ಅವರೊಬ್ಬರೇ. ಅಕ್ಕಪಕ್ಕ ಕೂತವರನ್ನು ಕರೆದು ತೋರಿಸಿ, ಎಸ್ಸೆಸ್ಸೆಲ್ಸಿಯಲ್ಲಿ ರ‍್ಯಾಂಕ್ ಬಂದವರ ಹಾಗೆ ಎದೆ ಉಬ್ಬಿಸಿ ಹೋಗುತ್ತಿದ್ದರು.

ಆದರೆ ಒಂದೇ ಒಂದು ಆರ್ಡರು ಬರಲಿಲ್ಲ. ನಾನು ಸಮಾಧಾನವಾಗಿ ಕೂರಿಸಿ ಹೇಳಿದೆ. "ಯಜಮಾನ್ರೇ, ಮಗಳ ಮದುವೆ ಇಟ್ಕೊಂಡೋರು ನಿಮ್ಮ ಹೆಸರು ಹುಡುಕಲ್ಲ. ಅವರಿಗೆ ನೀವು ಯಾರು ಅಂತಾನೇ ಗೊತ್ತಿಲ್ಲ. ಶಾಮಿಯಾನ ಅಂತ ಹುಡುಕ್ತಾರೆ, ಮಳೆ ಬಂದ್ರೆ ಸೋರಲ್ವಾ ಅಂತ ನೋಡ್ತಾರೆ, ಎಷ್ಟು ಜನಕ್ಕೆ ಕುರ್ಚಿ ಇದೆ ಅಂತ ನೋಡ್ತಾರೆ. ಅದನ್ನ ಹಾಕೋಣ. ಮುಖ್ಯವಾಗಿ, ಎಲ್ಲೂ ನಿಮ್ಮ ಫೋನ್ ನಂಬರ್ ಇಲ್ಲ. ಅದನ್ನಾದ್ರೂ ಹಾಕೋಣ."

ಅವರು ಗಾಬರಿಯಾಗಿ ಕುರ್ಚಿಯಿಂದ ಎದ್ದರು.

"ಬೇಡಮ್ಮ, ನಂಬರ್ ಹಾಕಿದ್ರೆ ಎಲ್ರೂ ಫೋನ್ ಮಾಡ್ತಾರೆ."

ಆಡಬಾರದ ಮಾತು

ಈಗ ಅತ್ತೆಯ ವಿಷಯಕ್ಕೆ ಬರುತ್ತೇನೆ. ಸೋದರತ್ತೆ ಅಂದರೆ ನಮ್ಮಪ್ಪನ ತಂಗಿ. ಟಿ. ನರಸೀಪುರದಲ್ಲಿ, ಕಾವೇರಿ ಕಪಿಲೆ ಸೇರುವ ಸಂಗಮಕ್ಕೆ ಹತ್ತಿರದಲ್ಲೇ ಅವರದೊಂದು ದೊಡ್ಡ ಹಳೇ ಮನೆ. ತೀರಿಕೊಂಡವರ ಅಸ್ಥಿ ಬಿಡುವುದಕ್ಕೆ, ಕರ್ಮ ಮಾಡುವುದಕ್ಕೆ ಸಂಗಮಕ್ಕೆ ಬರುವವರಿಗೆ ಆ ಮನೆಯ ರೂಮುಗಳೇ ಬಿಡದಿ. ಮಾವ ಹೋದ ಮೇಲೆ ಅತ್ತೆ ಒಬ್ಬರೇ ಅದನ್ನು ನಡೆಸುತ್ತಿದ್ದರು. ಜನಕ್ಕೆ ಕೂರಲು ಚಾಪೆ, ಸ್ನಾನಕ್ಕೆ ನೀರು, ಕಾರ್ಯ ಮುಗಿದ ಮೇಲೆ ಒಂದು ಊಟ. ಆ ಮನೆಯಲ್ಲಿ ಅಳುತ್ತ ಬಂದವರು ಊಟ ಮಾಡಿ ಹೋಗುವುದನ್ನು ನೋಡುವುದೇ ಅತ್ತೆಗೆ ಜೀವನ.

ಆದರೆ ಕಾರುಗಳು ಬಂದವು, ಬೆಳಿಗ್ಗೆ ಬಂದವರು ಮಧ್ಯಾಹ್ನಕ್ಕೆ ಹೊರಡತೊಡಗಿದರು. ಪರ ಊರಿನವರಿಗೆ ಇಂಥದೊಂದು ಮನೆ ಇದೆ ಅಂತಲೇ ಗೊತ್ತಿಲ್ಲ. ರೂಮುಗಳು ಖಾಲಿ ಬಿದ್ದವು. ಮನೆಯಲ್ಲಿ ಪಾಲಿದ್ದ ಮೈದುನ ಮೈಸೂರಿನಲ್ಲಿದ್ದ. ಒಂದು ದಿನ ಬಂದು, "ಅತ್ತಿಗೆ, ದೀಪಾವಳೀವರ್ಗೂ ನೋಡ್ತೀನಿ. ಆಮೇಲೂ ಹಿಂಗೇ ಖಾಲಿ ಇದ್ರೆ ಗೊಬ್ಬರದ ಡೀಲರ್‌ಗೆ ಗೋಡೌನ್‌ಗೆ ಕೊಟ್ಬಿಡೋದೇ. ನೀವು ನಮ್ ಜೊತೆ ಮೈಸೂರಲ್ಲಿ ಇರಿ" ಅಂದ. ಕೆಟ್ಟವನಲ್ಲ. ಲೆಕ್ಕದ ಮನುಷ್ಯ, ಅಷ್ಟೆ. ಅವನು ಹೋದ ಮೇಲೆ ಅತ್ತೆ ಬಸ್ಸು ಹತ್ತಿ ನಂಜನಗೂಡಿಗೆ ಬಂದು ನನ್ನ ಮುಂದೆ ಕೂತರು. "ಅದೇನೋ ನೆಟ್ಟು ಮಾಡ್ತೀಯಂತಲ್ಲ, ನಂಗೂ ಒಂದು ಮಾಡ್ಕೊಡು ತಾಯಿ" ಅಂದರು. ಅವರು ಅಳಲಿಲ್ಲ. ನನಗೇ ಕಣ್ಣು ತುಂಬಿತು.

ಪುಟ ಬರೆಯಲು ಕೂತೆ. ಮೊದಲ ಸಾಲಿಗೇ ಅತ್ತೆ ಕೈ ಹಿಡಿದರು. "ಅಸ್ಥಿ ಅಂತ ಬರೀಬೇಡ. ಮನೆ ಹೆಸರಿನ ಪಕ್ಕ ಅಂಥ ಮಾತಾ? ಕರ್ಮ ಅಂತಾನೂ ಬೇಡ. ಬಾಯಲ್ಲಿ ಆಡದ್ದನ್ನ ಬರೀತಾರಾ ಯಾರಾದ್ರೂ?"

"ಮತ್ತೆ ಜನಕ್ಕೆ ಹೆಂಗೆ ಗೊತ್ತಾಗ್ಬೇಕು ಅತ್ತೆ?"

"ಗೊತ್ತಾಯ್ತದೆ. ನೀನು ಶುಭ ಕಾರ್ಯಗಳಿಗೆ ಅನುಕೂಲ ಮಾಡಿಕೊಡಲಾಗುವುದು ಅಂತ ಹಾಕು."

ಹಿರಿಯರ ಮಾತು ಮೀರಬಾರದು ಅಂತ ಹಾಗೆಯೇ ಹಾಕಿದೆ. ಬಹಳ ದಿನ ಯಾರೂ ಬರಲಿಲ್ಲ. ಕೊನೆಗೆ ಒಂದು ಫೋನು ಬಂತು, ಭಾನುವಾರ ಕಾರ್ಯ ಇದೆ, ಜಾಗ ಬೇಕು ಅಂದರು. ಅತ್ತೆ ಸಂಭ್ರಮದಿಂದ ಗುಡಿಸಿ ಸಾರಿಸಿದರು. ನಾನೂ ಹೋಗಿದ್ದೆ. ಭಾನುವಾರ ಒಂದು ವ್ಯಾನಿನಿಂದ ಹೂವು ಹಣ್ಣಿನ ತಟ್ಟೆ ಹಿಡಿದು, ರೇಷ್ಮೆ ಸೀರೆ ಉಟ್ಟ ಹೆಂಗಸರು ಇಳಿದರು. ಹುಡುಗಿಯ ನಿಶ್ಚಿತಾರ್ಥವಂತೆ. ಗಂಡಿನ ಕಡೆಯವರು ಹಿಂದಿನ ಕಾರಿನಲ್ಲಿ ಬರುತ್ತಿದ್ದಾರಂತೆ.

ಜಗಲಿಯ ಮೇಲೆ ಆ ಬೆಳಿಗ್ಗೆ ತಾನಾಗಿ ಬಂದಿದ್ದ ಇನ್ನೊಂದು ಮನೆಯವರು ಕೂತಿದ್ದರು. ಅಣ್ಣ ತಮ್ಮಂದಿರು, ಎಲ್ಲರದೂ ಹೊಸದಾಗಿ ಬೋಳಿಸಿದ ತಲೆ. ಅಸ್ಥಿ ಬಿಟ್ಟು ಬಂದು ಊಟಕ್ಕೆ ಕಾಯುತ್ತಿದ್ದರು.

ಹುಡುಗಿಯ ಅಜ್ಜಿ ಬಾಗಿಲಲ್ಲೇ ನಿಂತು, "ಇವ್ರೆಲ್ಲ ಯಾರವ್ವ?" ಅಂದರು. ಅತ್ತೆ ರೆಪ್ಪೆ ಬಡಿಯದೆ, "ಮುಡಿ ಕೊಟ್ಟವ್ರೆ ಕಣಮ್ಮ" ಅಂದರು. ನಂಜನಗೂಡಿಗೆ ಮುಡಿ ಕೊಡದ ಮನೆ ನಮ್ಮ ಸೀಮೆಯಲ್ಲಿ ಯಾವುದಿದೆ? ಅಜ್ಜಿಯ ಮುಖ ಅರಳಿತು. ಒಳ್ಳೆ ಶಕುನ ಅಂತ ಜಗಲಿಯ ಹತ್ತಿರವೇ ಹೋಗಿ ಹಿರಿಯಣ್ಣನನ್ನು ಮಾತಾಡಿಸಿದರು.

"ಏನ್ ಅರಕೆ ಕಟ್ಕಂಡಿದ್ರಪ್ಪ?"

ಆತ ಒಳ್ಳೆಯ ಮನುಷ್ಯ. ರೇಷ್ಮೆ ಸೀರೆ, ಹೂವಿನ ತಟ್ಟೆ ಎಲ್ಲ ನೋಡಿ ಅರ್ಥ ಮಾಡಿಕೊಂಡ. "ನಮ್ಮಪ್ಪಂಗೆ ಒಸಿ ಉಸಾರಿರ್ನಿಲ್ಲ ಕಣವ್ವ, ಅದ್ಕೇಯ" ಅಂದ.

"ಈಗೆಂಗವ್ರೆ?"

ಆತ ನದಿಯ ಕಡೆ ಒಮ್ಮೆ ನೋಡಿ, ಸಮಾಧಾನವಾಗಿ ಹೇಳಿದ.

"ಈಗೇನೂ ತೊಂದ್ರೆ ಇಲ್ಲ ಕಣವ್ವ."

ಬಿಸಿಲು ಜಾಸ್ತೀನಾ?

ನಿಶ್ಚಿತಾರ್ಥ ಸುಸೂತ್ರವಾಗಿ ಮುಗಿಯಿತು. ಆದರೆ ಪುಟ ಹೀಗೇ ಇದ್ದರೆ ಅತ್ತೆಯ ಮನೆ ಉಳಿಯುವುದಿಲ್ಲ ಅನ್ನುವುದು ನನಗೆ ಖಾತ್ರಿಯಾಯಿತು. ನೆಟ್‌ನಲ್ಲಿ ಸಂಗಮದ ಹೆಸರು ಹಾಕಿ ಅಸ್ಥಿ ಅಂತ ಹುಡುಕಿದರೆ ಬರುತ್ತಿದ್ದದ್ದು ಅರಮನೆ ತೋರಿಸುತ್ತೇವೆ, ಒಂಟೆ ಮೇಲೆ ಕೂರಿಸುತ್ತೇವೆ ಅನ್ನುವ ಟೂರಿಸ್ಟ್ ಕಂಪನಿಗಳ ಪುಟಗಳು. ಅಪ್ಪನನ್ನು ಕಳೆದುಕೊಂಡವನಿಗೆ ಒಂಟೆ ಯಾಕೆ? ನಮ್ಮ ಪುಟ ಎಷ್ಟು ಹಿಂದೆ ಇತ್ತೆಂದರೆ ಅಲ್ಲಿಯವರೆಗೆ ಹುಡುಕಿಕೊಂಡು ಬರುವಷ್ಟು ತಾಳ್ಮೆ ಇದ್ದವರು ನಾನು ಒಬ್ಬಳೇ.

ಜನಕ್ಕೆ ಏನು ಬೇಕು ಅಂತ ತಿಳಿಯಲು ಅತ್ತೆಯ ಫೋನಿನ ಪಕ್ಕವೇ ಕೂತೆ. ಅಪರೂಪಕ್ಕೆ ಒಂದೊಂದು ಕರೆ ಬರುತ್ತಿತ್ತು. ಬೆಂಗಳೂರಿನಿಂದ ಯಾರೋ ಗಂಡಸು.

"ಅಮ್ಮ, ನದೀಲಿ ನೀರು ಇದೆಯಾ?"

"ಐತೆ ಕಣಪ್ಪ, ಚೆನ್ನಾಗದೆ" ಅಂದರು ಅತ್ತೆ.

"ಬಿಸಿಲು ಜಾಸ್ತೀನಾ?"

"ಅದೇನ್ ಕೇಳ್ತೀಯ, ತಲೆ ಸುಡ್ತದೆ."

"ಓಹೋ. ಸರಿ ಅಮ್ಮ" ಅಂತ ಇಟ್ಟುಬಿಟ್ಟ. "ಪಾಪ, ಒಳ್ಳೆ ಹುಡ್ಗ" ಅಂದರು ಅತ್ತೆ. ಯಾರು ಅಂದೆ. "ಯಾರಿಗ್ಗೊತ್ತು."

ಮಾರನೇ ದಿನ ಅದೇ ಧ್ವನಿ, ಈ ಸಲ ಮಳೆ ವಿಷಯ. ನಾನು ಫೋನ್ ಈಸಿಕೊಂಡೆ. "ಸಾರ್, ನಿಮ್ಮ ಜೊತೆ ವಯಸ್ಸಾದವರು ಬರ್ತಿದ್ದಾರಾ?" ಅಂತ ಕೇಳಿದೆ. ಆ ಕಡೆ ಕಟ್ಟೆ ಒಡೆಯಿತು. ತಂದೆ ಹೋಗಿದ್ದಾರೆ. ತಾಯಿಗೆ ಮೆಟ್ಟಿಲು ಇಳಿಯಲು ಆಗುವುದಿಲ್ಲ. ಆದರೂ ಬರಲೇಬೇಕು ಅನ್ನುತ್ತಿದ್ದಾರೆ. ತಂಗಿ ಬರಬಹುದಾ? ಸ್ನಾನವಾದ ಮೇಲೆ ಬಿಸಿನೀರು ಸಿಗುತ್ತಾ? ಬಟ್ಟೆ ಬದಲಾಯಿಸಲು ಹೆಂಗಸರಿಗೆ ಬಾಗಿಲು ಇರುವ ರೂಮು ಇದೆಯಾ? ಏನೇನು ತರಬೇಕು? ಯಾರಿಗೆ ಹೇಳಬೇಕು? "ನಮಗೆ ಏನೂ ಗೊತ್ತಿಲ್ಲ ಮೇಡಂ. ನೆಂಟರನ್ನ ಕೇಳಿದ್ರೆ, ಇಷ್ಟು ವಯಸ್ಸಾಗಿದೆ, ಇದೂ ಗೊತ್ತಿಲ್ವಾ ಅಂತಾರೆ" ಅಂದ.

ಅವತ್ತು ನನಗೆ ತಿಳಿಯಿತು. ಇವರು ಆ ಖಾಲಿ ಚೌಕದ ಮುಂದೆ ಕೂತು ಟೈಪ್ ಮಾಡುವುದು ಯಾಕೆ ಅಂದರೆ ಅದು ಬೈಯುವುದಿಲ್ಲ. ಇವರಿಗೆ ಬೇಕಾಗಿರುವುದು ರೂಮಲ್ಲ. 'ಬನ್ನಿ, ಏನೂ ಗೊತ್ತಿಲ್ಲದಿದ್ದರೂ ಪರವಾಗಿಲ್ಲ' ಅನ್ನುವ ಒಂದು ಮಾತು. ಅದನ್ನು ಅತ್ತೆಗಿಂತ ಚೆನ್ನಾಗಿ ಹೇಳುವವರು ಭೂಮಿಯ ಮೇಲೆ ಇಲ್ಲ, ಆದರೆ ಅದು ನೆಟ್‌ನಲ್ಲಿ ಎಲ್ಲೂ ಇಲ್ಲ.

ನಾನು ಒಂದೊಂದಕ್ಕೂ ಉತ್ತರ ಕೊಡುತ್ತಿದ್ದರೆ ಅತ್ತೆಗೆ ಕಸಿವಿಸಿ. "ಹೆಣ್ಣುಮಕ್ಳು ಹಿಂಗೆ ಮುಖಕ್ಕೆ ಹೊಡೆದಂಗೆ ಮಾತಾಡ್ಬಾರ್ದು. ದುಃಖದಲ್ಲಿರೋರ ಹತ್ರ ಸುತ್ತುಬಳಸಿ ಮಾತಾಡ್ಬೇಕು, ಕೊಡಿಲ್ಲಿ" ಅಂತ ಫೋನು ಕಸಿದುಕೊಂಡರು. ಗಂಟಲು ಸರಿಮಾಡಿಕೊಂಡು ಬಹಳ ಮೃದುವಾಗಿ ಕೇಳಿದರು.

"ಊಟಕ್ಕೆ ಎಷ್ಟ್ ಜನ ಆಯ್ತೀರಪ್ಪ?"

ಶಾಸ್ತ್ರಿಗಳ ಮಂಡಿ ನೋವು

ಪುಟವನ್ನು ಹೊಸದಾಗಿ ಬರೆಯಬೇಕು ಅಂದೆ. ಅತ್ತೆ, "ಶಾಸ್ತ್ರಿಗಳನ್ನ ಒಂದ್ ಮಾತು ಕೇಳು" ಅಂದರು. ಸಂಗಮದಲ್ಲಿ ಕಾರ್ಯ ಮಾಡಿಸುವ ಶಾಸ್ತ್ರಿಗಳು ಅತ್ತೆಯ ಮನೆಗೆ ಎರಡು ತಲೆಮಾರಿನಿಂದ ಬೇಕಾದವರು. ಅವರು ಒಂದು ಕಟ್ಟು ಹಾಳೆ ತಂದುಕೊಟ್ಟರು. ಅದರಲ್ಲಿ ಕ್ಷೇತ್ರ ಮಹಾತ್ಮೆ ಇತ್ತು. ಯಾವ ಯುಗದಲ್ಲಿ ಯಾವ ಋಷಿ ಬಂದರು, ಯಾರ ಶಾಪ ಎಲ್ಲಿ ಕಳೆಯಿತು, ಎಲ್ಲ ವಿವರವಾಗಿ. ಬಿಸಿನೀರು ಮಾತ್ರ ಯಾವ ಯುಗದಲ್ಲೂ ಇರಲಿಲ್ಲ.

"ಇದನ್ನ ಮೊದಲು ಹಾಕಮ್ಮ. ಆಮೇಲೆ ಕೊನೇಲಿ ಬೇಕಾದ್ರೆ ರೂಮು, ಊಟ ಅಂತ ಒಂದು ಸಾಲು ಹಾಕ್ಕೋ."

"ಹುಡುಕಿಕೊಂಡು ಬಂದವರು ಅಲ್ಲೀತನಕ ಓದಲ್ಲ ಶಾಸ್ತ್ರಿಗಳೇ."

"ಅಷ್ಟು ಶ್ರದ್ಧೆ ಇಲ್ಲದವರು ಬರೋದೇ ಬೇಡ."

ವಾದ ಮಾಡಿ ಗೆಲ್ಲಬಹುದಾದ ಆಸಾಮಿ ಅಲ್ಲ ಅವರು. ಅವರು ಏನೋ ಕೆಲಸಕ್ಕೆ ನಂಜನಗೂಡಿಗೆ ಬಂದಾಗ ಸೆಂಟರಿಗೆ ಕರೆದು, ಕಂಪ್ಯೂಟರಿನ ಮುಂದೆ ಕೂರಿಸಿ, "ನಿಮಗೇ ಏನಾದ್ರೂ ಬೇಕಾಗಿರೋದು ಹೇಳಿ, ಹುಡುಕಿ ಓದ್ತೀನಿ" ಅಂದೆ. ಅವರು ಪಂಚೆ ಸರಿಮಾಡಿಕೊಂಡು ಕಾಲು ನೀವಿದರು. "ಈ ಮಂಡಿ ನೋವಿಗೆ ಏನಾದ್ರೂ ಇದೆಯಾ ನೋಡು. ಮೆಟ್ಟಿಲು ಹತ್ತಿ ಇಳಿದು ಸಾಕಾಗಿದೆ."

ಹುಡುಕಿದೆ. ಮೊದಲು ಸಿಕ್ಕ ಪುಟವನ್ನು ತೆಗೆದು ಕನ್ನಡದಲ್ಲಿ ಹೇಳುತ್ತ ಹೋದೆ. ಮಂಡಿ ಎಂಬುದು ದೇಹದ ಅತಿ ದೊಡ್ಡ ಕೀಲು. ಪ್ರಾಚೀನ ಕಾಲದಿಂದಲೂ ಮನುಷ್ಯ ಮಂಡಿಯ ಬಗ್ಗೆ ಕುತೂಹಲ ಹೊಂದಿದ್ದಾನೆ. ಈಜಿಪ್ಟಿನಲ್ಲಿ ಮಂಡಿಯನ್ನು ಹೇಗೆ ನೋಡುತ್ತಿದ್ದರು, ಗ್ರೀಕರು ಏನಂದರು. ಶಾಸ್ತ್ರಿಗಳು ಮೊದಲು ತಲೆಯಾಡಿಸಿದರು. ಆಮೇಲೆ ಕತ್ತು ಚಾಚಿ ಪರದೆ ನೋಡಿದರು. ಕೊನೆಗೆ ಟೇಬಲ್ಲಿನ ಮೇಲೆ ಕೈ ಇಟ್ಟರು.

"ಮದ್ದು ಎಲ್ಲಿ?"

"ಇನ್ನೂ ಬಂದಿಲ್ಲ. ರೋಮನ್ನರ ಕಾಲ ನಡೀತಿದೆ."

"ಎಂಥ ಮನುಷ್ಯರಮ್ಮ ಇವರು. ನೋವು ಅಂತ ಬಂದವನಿಗೆ ಮೊದಲು ಮದ್ದು ಹೇಳ್ಬೇಕು, ಆಮೇಲೆ ಬೇಕಾದ್ರೆ ಪುರಾಣ ಹೇಳ್ಕೊಳ್ಳಲಿ. ಮುಚ್ಚಿ ಬೇರೆ ನೋಡು."

ಮುಚ್ಚಲಿಲ್ಲ. ಅವರ ಹಾಳೆಗಳ ಕಟ್ಟನ್ನು ಮೆಲ್ಲಗೆ ಅವರ ಮುಂದೆ ಇಟ್ಟೆ. ಶಾಸ್ತ್ರಿಗಳು ಬುದ್ಧಿವಂತರು. ಹಾಳೆ ನೋಡಿದರು, ಪರದೆ ನೋಡಿದರು, ನನ್ನ ಮುಖ ನೋಡಿದರು. ಹಾಳೆಗಳನ್ನು ತಿರುಗಿಸಿ, ಏನೇನು ತರಬೇಕು, ಎಷ್ಟು ಹೊತ್ತಿಗೆ ಬರಬೇಕು, ಮೆಟ್ಟಿಲು ಇಳಿಯಲಾಗದವರು ಏನು ಮಾಡಬೇಕು ಅಂತ ಹಿಂಬದಿಯಲ್ಲಿ ತಾವೇ ಚೊಕ್ಕವಾಗಿ ಬರೆದುಕೊಟ್ಟರು. ಮಹಾತ್ಮೆಯನ್ನು ಕೊನೆಗೆ ಹಾಕಲು ಒಪ್ಪಿದರು. ಎದ್ದು ಹೊರಡುವಾಗ ಬಾಗಿಲಲ್ಲಿ ನಿಂತು ಬೆರಳು ಎತ್ತಿದರು.

"ಆದರೂ ಮಂಡಿ ಪುರಾಣವೇ ಬೇರೆ, ಕ್ಷೇತ್ರ ಪುರಾಣವೇ ಬೇರೆ."

ಪಾತ್ರೆಗಳ ಸದ್ದು

ಎಲ್ಲ ಸಿದ್ಧವಾಯಿತು. ಉಳಿದದ್ದು ಅತ್ತೆ ಬೇಡ ಅಂದಿದ್ದ ಆ ಒಂದು ಮಾತು, ಅಸ್ಥಿ. ಜನ ಟೈಪ್ ಮಾಡುವುದು ಅದನ್ನೇ, ಇಂಗ್ಲಿಷ್ ಅಕ್ಷರದಲ್ಲಿ ಕನ್ನಡದ ಮಾತನ್ನು. ನಮ್ಮ ಪುಟದಲ್ಲಿ ಅದು ಇಲ್ಲದಿದ್ದರೆ ಕಂಪ್ಯೂಟರಿಗೆ ನಾವು ಯಾರೆಂದೇ ಗೊತ್ತಾಗುವುದಿಲ್ಲ ಅಂತ ಅತ್ತೆಗೆ ತಿಳಿಹೇಳಿದೆ. ದೀಪಾವಳಿಗೆ ಇನ್ನು ಕೆಲವೇ ತಿಂಗಳಿತ್ತು. ಅತ್ತೆ ಸೆರಗಿನ ತುದಿ ಸೊಂಟಕ್ಕೆ ಸಿಕ್ಕಿಸಿದರು. "ಹಾಕು. ಆದ್ರೆ ನನ್ನ ಕಣ್ಮುಂದೆ ಬೇಡ" ಅಂದರು.

ಪಂಚಾಂಗ ನೋಡಿ ರಾಹುಕಾಲ ಕಳೆದ ಮೇಲೆ, ಪರಿಚಯದವರಿಂದ ಎರವಲು ತಂದ ಕಂಪ್ಯೂಟರನ್ನು ಅತ್ತೆಯ ನಡುಮನೆಯಲ್ಲೇ ಪೂರ್ವಕ್ಕೆ ಮುಖ ಮಾಡಿ ಇಟ್ಟೆವು. ಅತ್ತೆ ದೀಪ ಹಚ್ಚಿ, ಕಂಪ್ಯೂಟರಿಗೆ ಕುಂಕುಮ ಇಟ್ಟು, ಪುಟದ ನೆತ್ತಿಯ ಮೇಲೆ ಶ್ರೀ ಅಂತ ಬರೆಸಿ, ಅಡಿಗೆಮನೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡರು. ನಾನು ಟೈಪ್ ಮಾಡಲು ಶುರುಮಾಡಿದ ಕೂಡಲೇ ಒಳಗೆ ಪಾತ್ರೆಗಳ ಭೀಕರ ಸದ್ದು. ಬೋಗುಣಿ, ತಟ್ಟೆ, ಸೌಟು, ಎಲ್ಲ ಒಟ್ಟಿಗೆ ಬೀಳುತ್ತಿವೆ. ಕೀಲಿ ಒತ್ತುವ ಸದ್ದು ಕಿವಿಗೆ ಬೀಳಬಾರದು ಅಂತ ಅವರೇ ಬಡಿಯುತ್ತಿದ್ದರು.

"ಆಯ್ತಾ?" ಅಂತ ಒಳಗಿಂದಲೇ ಕೂಗಿದರು.

"ಒಂದ್ಸಲ ಆಯ್ತು ಅತ್ತೆ. ಇನ್ನೂ ಒಂದೆರಡು ಕಡೆ ಹಾಕ್ಬೇಕು."

ಪಾತ್ರೆಗಳ ಸದ್ದು ನಿಂತು ಅತ್ತೆಯ ಧ್ವನಿ ಬಂತು.

"ತಾಳು, ಅಟ್ಟದ ಮೇಲಿನ ದೊಡ್ಡ ಕೊಳದಪ್ಪಲೆ ಇಳಿಸ್ಕತೀನಿ."

ಅಳತೆಗೆ ಬಂದವರು

ಪುಟ ಒಂದೇ ಸಲಕ್ಕೆ ಮೇಲೆ ಬರಲಿಲ್ಲ. ಮೆಲ್ಲಮೆಲ್ಲಗೆ ಹತ್ತಿತು. ಬಂದವರು ಕೊನೆಯವರೆಗೂ ಓದುತ್ತಿದ್ದರು, ಫೋನು ಮಾಡುತ್ತಿದ್ದರು, ತಮ್ಮ ಕಡೆಯವರಿಗೂ ಕಳಿಸುತ್ತಿದ್ದರು. ದಸರಾ ಕಳೆಯುವ ಹೊತ್ತಿಗೆ ಸಂಗಮದ ಹೆಸರಿನ ಜೊತೆ ಆ ಮಾತು ಹಾಕಿದರೆ ಒಂಟೆ, ಅರಮನೆ ಎಲ್ಲ ಕೆಳಗೆ, ಅತ್ತೆಯ ಮನೆ ಮೇಲೆ. ನಾನು ಒಬ್ಬಳೇ ಸೆಂಟರಿನಲ್ಲಿ ಕೂತು ಮತ್ತೆ ಮತ್ತೆ ಹುಡುಕಿ ನೋಡಿ ಸಂತೋಷಪಟ್ಟೆ. ಶಾಮಿಯಾನದ ಯಜಮಾನರನ್ನು ನೋಡಿ ನಕ್ಕವಳು ನಾನೇ ಅನ್ನುವುದು ಆಗ ನೆನಪಿರಲಿಲ್ಲ.

ಮೈಸೂರಿನ ಮೈದುನನಿಗೆ ಇದಾವುದೂ ಗೊತ್ತಿಲ್ಲ. ಅತ್ತೆ ಹೇಳುವವರೂ ಅಲ್ಲ. ದೀಪಾವಳಿಗೆ ಮುಂಚೆ ಒಂದು ದಿನ, ಮಡಿಕೆ ಮುರಿಯದ ಪ್ಯಾಂಟು ಹಾಕಿಕೊಂಡು, ಗೊಬ್ಬರದ ಡೀಲರನ್ನು ಕಾರಿನಲ್ಲಿ ಕೂರಿಸಿಕೊಂಡು, ಅಳತೆ ಟೇಪು ಹಿಡಿದು ಬಂದೇಬಿಟ್ಟ. ನಾನೂ ಅವತ್ತು ಅಲ್ಲಿದ್ದೆ. ಅತ್ತೆ ಹೊಸಿಲ ಮೇಲೆ ನಿಂತಿದ್ದರು. ಎರಡೂ ಕೈಯಲ್ಲಿ ಬಾಗಿಲ ಚೌಕಟ್ಟು ಹಿಡಿದಿದ್ದರು. ಇಷ್ಟೆಲ್ಲ ಮಾಡಿಯೂ ಹೋಯಿತಲ್ಲ, ಡೀಲರಿಗೆ ಮಾತು ಕೊಟ್ಟವನು ಇನ್ನು ರೂಮು ನೋಡುತ್ತಾನಾ ಅಂದುಕೊಂಡೆ.

ಡೀಲರು ಕಾರಿನಿಂದ ಇಳಿದ. ಮನೆ ನೋಡಿದ. ಅತ್ತೆಯನ್ನು ನೋಡಿದ. ನಿಂತಲ್ಲೇ ನಿಂತ.

"ಬಾಪ್ಪ" ಅಂದರು ಅತ್ತೆ, ಚೌಕಟ್ಟು ಬಿಟ್ಟು. "ನಿನ್ ತಂಗಿ ಎಂಗವ್ಳೆ? ಅವತ್ತು ಒಂದ್ ತುತ್ತೂ ಉಣ್ಣದೆ ಎದ್ಬುಟ್ಲು."

"ಚೆನ್ನಾಗವ್ಳೆ ಕಣವ್ವ. ನಿಮ್ಮನ್ನ ನೆನೀತಾನೇ ಇರ್ತಳೆ" ಅಂದ ಡೀಲರು. ಮೈದುನ ಇಬ್ಬರನ್ನೂ ಮಿಕಿಮಿಕಿ ನೋಡುತ್ತಿದ್ದ. ಡೀಲರು ಅವನ ಕಡೆ ತಿರುಗಿದ. "ಏನ್ರೀ, ಹೊಳೆ ಪಕ್ಕ ಹಳೇ ಕಟ್ಟಡ ಅಂದ್ರಿ, ಇದಾ? ನಮ್ಮವ್ವ ಹೋದಾಗ ಏನ್ ಮಾಡ್ಬೇಕು ಅಂತ ಒಬ್ರಿಗೂ ತಿಳೀದೆ ನನ್ ತಂಗಿ ನೆಟ್‌ನಲ್ಲಿ ಹುಡುಕಿದ್ಲು. ಫಸ್ಟಿಗೆ ಬಂದಿದ್ದೇ ಈ ಮನೆ. ಏನೂ ಗೊತ್ತಿಲ್ದಿದ್ರೂ ಬನ್ನಿ ಅಂತ ಬರ್ದಿತ್ತು. ಇದನ್ನ ಮುಚ್ಸಿ ನಾನು ಮೂಟೆ ಇಡ್ಲಾ?"

"ಹಂಗಾದ್ರೆ ಗೊಬ್ಬರ?" ಅಂದ ಮೈದುನ.

"ಗೊಬ್ಬರ ಎಲ್ಲಾದ್ರೂ ಇಡ್ಬೋದು ಕಣ್ರೀ. ವರ್ಷದ ಕಾರ್ಯಕ್ಕೆ ನಾನು ಎಲ್ಲಿಗೆ ಬರ್ಲಿ?" ಅಂದವನು ಅತ್ತೆಯ ಕಡೆ ತಿರುಗಿ, "ಈಗ್ಲೇ ರೂಮ್ ಹೇಳ್ಬುಡ್ತೀನಿ ಕಣವ್ವ, ಆಮೇಲೆ ಸಿಗಕ್ಕಿಲ್ಲ" ಅಂದ.

ಸಿಗುವುದಿಲ್ಲ ಅನ್ನುವ ಮಾತು ಕಿವಿ ಮೇಲೆ ಬಿದ್ದದ್ದೇ ಮೈದುನ ಬೇರೆಯೇ ಮನುಷ್ಯನಾದ. ರೂಮುಗಳ ಒಳಗೆ ಇಣುಕಿದ. ಎಲ್ಲ ರೂಮಿನಲ್ಲೂ ಜನ. ಹಿತ್ತಲಲ್ಲಿ ಒಣಗಲು ಹಾಕಿದ ಪಂಚೆಗಳ ಸಾಲು. ಟೇಪನ್ನು ಜೇಬಿಗೆ ಇಳಿಸಿ, ಎದೆ ಮುಂದೆ ಮಾಡಿಕೊಂಡು ಡೀಲರಿಗೆ ಮನೆ ತೋರಿಸಲು ಹೊರಟ. "ನೋಡಿ ಸಾರ್, ಇದು ನಮ್ಮನೆ. ನಮ್ಮನೇಲಿ ಹೆಂಗಸ್ರಿಗೆ ಬೇರೆ ರೂಮಿದೆ. ನಮ್ಮನೆ ಬಚ್ಚಲು ನೋಡಿ ಎಷ್ಟು ದೊಡ್ಡದು. ನಾನು ಮೊದ್ಲಿಂದ ಅತ್ತಿಗೆಗೆ ಹೇಳ್ತಾನೇ ಇದ್ದೆ, ಈ ಪುಣ್ಯದ ಕೆಲಸ ಬಿಡ್ಬೇಡಿ ಅಂತ."

ಅತ್ತೆ ಎಲ್ಲವನ್ನೂ ಕೇಳಿಸಿಕೊಂಡರು. ಅಷ್ಟರಲ್ಲಿ ಬಾಗಿಲಿಗೆ ಇನ್ನೊಂದು ವ್ಯಾನು ಬಂದು ನಿಂತಿತು. ಅತ್ತೆ ಮೈದುನನ ಹತ್ತಿರ ಹೋಗಿ ಬಹಳ ಪ್ರೀತಿಯಿಂದ ಹೇಳಿದರು. "ನಮ್ಮನೆ ಅಂದ್ಯಲ್ಲಪ್ಪ, ಸಂತೋಷ ಆಯ್ತು. ಹಂಗೇ ಹೋಗಿ ಹಂಡೆ ಒಲೆಗೆ ಸೌದೆ ಇಡು. ಜನ ಸ್ನಾನಕ್ಕೆ ಬಿಸಿನೀರು ಕೇಳ್ತವ್ರೆ."

ಡೀಲರು ಪಕ್ಕದಲ್ಲೇ ನಿಂತು ನೋಡುತ್ತಿದ್ದಾನೆ, ಇಲ್ಲ ಅನ್ನುವುದು ಹೇಗೆ? ಮೈದುನ ಪ್ಯಾಂಟು ಮಡಚಿ ಒಲೆ ಮುಂದೆ ಕುಕ್ಕರಗಾಲಲ್ಲಿ ಕೂತ. ಊದುಗೊಳವೆ ಹಿಡಿದು ಊದಿ ಊದಿ ಮುಖವೆಲ್ಲ ಬೂದಿ, ಕಣ್ಣೆಲ್ಲ ನೀರು. ನೀರು ಕಾಯಿಸಿದ, ಬಕೆಟ್ಟು ಹೊತ್ತ, ಮುದುಕಿಯೊಬ್ಬರನ್ನು ಕೈ ಹಿಡಿದು ಬಚ್ಚಲವರೆಗೂ ಬಿಟ್ಟು ಬಂದ. ಮಧ್ಯಾಹ್ನ ಊಟಕ್ಕೆ ಕೂತಾಗ ಆ ಮುದುಕಿ, ಬಾಗಿಲ ಹತ್ತಿರ ಬೂದಿ ಬಡಿದುಕೊಂಡು ನಿಂತವನನ್ನು ನೋಡಿ ಮೆಚ್ಚಿಕೊಂಡು ಅತ್ತೆಗೆ ಹೇಳಿದರು.

"ಬೋ ಒಳ್ಳೆ ಆಳು ಕಣವ್ವ. ಈ ಕಾಲ್ದಲ್ಲಿ ಇಂಥೋರು ಎಲ್ಲಿ ಸಿಕ್ತರೆ? ಎಲ್ ಉಡುಕುದ್ರಿ ಇವುನ್ನ?"

ಅತ್ತೆ ಅನ್ನದ ಕೈ ತಡೆದು, ಮೈದುನನ ಕಡೆ ಒಮ್ಮೆ ನೋಡಿ, ಮತ್ತೆ ಬಡಿಸುತ್ತ ಹೇಳಿದರು.

"ನಾವೇನೂ ಹುಡುಕ್ಲಿಲ್ಲ ಕಣಮ್ಮ. ತಾನಾಗೇ ಬಂದು ಸಿಕ್ದ."